ಮೂರು ವೃತ್ತಗಳ ಪಾಠ

ಗೋಡೆಯ ಮೇಲೆ ಮಸಿಯಿಂದಲೋ, ಅಂಗಳದಲ್ಲಿ ಸೀಮೆಸುಣ್ಣದಿಂದಲೋ ಒಂದಲ್ಲ ಒಂದು ಚಿತ್ರವನ್ನು ಗೀಚದ ಮಗು ಲೋಕದಲ್ಲಿಲ್ಲ. ಹಾಗೆಯೇ “ಚಿತ್ರ ಬರೆಯುವುದು ನನ್ನಿಂದಾಗದ ಕೆಲಸ” ಎಂದು ಕೈಯಾಡಿಸದ ಹಿರಿಯರೂ ಅಪರೂಪ. ಈ ಎರಡು ಅವಸ್ಥೆಗಳ ನಡುವೆ ಎಲ್ಲಿಯೋ ಒಂದು ಕಡೆ ಮನುಷ್ಯನ ಕೈಯಿಂದ ಬಳಪ ಜಾರಿ ಬೀಳುತ್ತದೆ. ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂಬುದು ಬಹುಮಂದಿಗೆ ನೆನಪಿರುವುದಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಅದು ಮರಳಿ ಕೈಗೆ ಬಂದದ್ದೂ ನೆನಪಿದೆ. ಬಿದ್ದದ್ದು ಭದ್ರಾವತಿಯಲ್ಲಿ, ನನ್ನ 11ನೆಯ ವಯಸ್ಸಿನಲ್ಲಿ. ಮರಳಿ ಬಂದದ್ದು ಸಮುದ್ರದಾಚೆಯ ಕ್ಯಾಲಿಫೋರ್ನಿಯದಲ್ಲಿ, 67ನೆಯ ವಯಸ್ಸಿನಲ್ಲಿ, ಅದೂ ಒಂದು ಇಲಿಯ ದೆಸೆಯಿಂದ!

ಆ ಕಥೆಯನ್ನು ಹೇಳುವ ನೆವದಲ್ಲಿ, ಕಾರ್ಟೂನ್ ಬೊಂಬೆಗಳನ್ನು ಬರೆಯುವ ವಿದ್ಯೆಯ ಗುಟ್ಟನ್ನೂ ಓದುಗರ ಮುಂದಿಡಬೇಕೆಂಬುದು ನನ್ನ ಆಸೆ. ಗುಟ್ಟು ದೊಡ್ಡದಲ್ಲ. ಮೂರು ವೃತ್ತಗಳಷ್ಟು ಮಾತ್ರ.

ಕಾಗದದ ಊರಿನ ಹುಡುಗ

ಒಂದು ಕಾಲಕ್ಕೆ ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯನ್ನು ಕನ್ನಡನಾಡೆಲ್ಲ ಬಲ್ಲುದು ಕಬ್ಬಿಣದಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದ ಫಲವಾದ ಆ ಕಾರ್ಖಾನೆ 1923ರಲ್ಲಿ ಕಬ್ಬಿಣವನ್ನು ಕರಗಿಸಲಾರಂಭಿಸಿತು. ಆದರೆ ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಕಬ್ಬಿಣದಿಂದಲ್ಲ, ಕಾಗದದಿಂದ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಭದ್ರೆಯ ದಂಡೆಯ ಮೇಲೆ ತಲೆಯೆತ್ತಿದ ಮೈಸೂರು ಕಾಗದದ ಕಾರ್ಖಾನೆಯಲ್ಲಿ ನಮ್ಮ ತಂದೆಯವರು ಕೆಲಸಕ್ಕಿದ್ದರು.

ಮಲೆನಾಡಿನ ಬಿದಿರು ಲಾರಿಗಳಲ್ಲಿ ಬಂದು ಬೀಳುತ್ತಿತ್ತು. ಅದನ್ನು ಚೂರು ಮಾಡಿ, ದೊಡ್ಡ ದೊಡ್ಡ ಹಂಡೆಗಳಲ್ಲಿ ರಾಸಾಯನಿಕಗಳೊಡನೆ ಬೇಯಿಸಿ, ತೊಳೆದು, ಬೆಳ್ಳಗೆ ಮಾಡಿ, ತಿರುಳನ್ನು ತಂತಿಯ ಜಾಲರಿಯ ಮೇಲೆ ಹರಡಿ, ಉರುಳೆಗಳ ನಡುವೆ ಒತ್ತಿ ಒಣಗಿಸಿದರೆ ಹಾಳೆ. ಗಾಳಿ ನಮ್ಮ ಕಡೆಗೆ ಬೀಸಿದ ದಿನ ಊಟದ ಎಲೆಯ ಮುಂದೆಯೂ ಅದೇ ವಾಸನೆ. “ಅದು ನಮ್ಮ ಅನ್ನದ ವಾಸನೆ ಕಣೋ” ಎನ್ನುತ್ತಿದ್ದರು ತಂದೆಯವರು. ಅಂಚು ಹರಿದ, ಮಾರಾಟಕ್ಕೆ ಸಲ್ಲದ ಹಾಳೆಗಳು ಒಮ್ಮೊಮ್ಮೆ ಮನೆಗೆ ಬರುತ್ತಿದ್ದವು. ಅವೇ ನನ್ನ ಚಿತ್ರಶಾಲೆ.

1963ರ ಒಂದು ದಿನ, ಲೆಕ್ಕದ ತರಗತಿಯಲ್ಲಿ, ಅಂತಹ ಒಂದು ಹಾಳೆಯ ಮೇಲೆ ನಮ್ಮ ಮೇಷ್ಟರ ಚಿತ್ರವನ್ನು ಬರೆದೆ. ಅವರದು ಸ್ಥೂಲ ಶರೀರ, ನಡಿಗೆ ಗಂಭೀರ. ಆದುದರಿಂದ ರುಮಾಲು ಸುತ್ತಿದ ಆನೆಯಾಗಿ ಅವರನ್ನು ಬರೆದೆ. ಚಿತ್ರ ಬೆಂಚಿನಿಂದ ಬೆಂಚಿಗೆ ಸಂಚರಿಸಿ, ನಗೆಯ ಅಲೆಯನ್ನೆಬ್ಬಿಸಿ, ಕಡೆಗೆ ಸೇರಬಾರದವರ ಕೈಯನ್ನೇ ಸೇರಿತು. ಅವರು ಅದನ್ನು ಒಂದು ಕ್ಷಣ ನೋಡಿದರು. ಅನಂತರ ನಾಲ್ಕು ಚೂರು ಮಾಡಿ, ಆ ಚೂರುಗಳನ್ನು ನನ್ನ ಅಂಗೈಯಲ್ಲಿಟ್ಟು, ಸಂಜೆಯವರೆಗೆ ಬೆಂಚಿನ ಮೇಲೆ ನಿಲ್ಲಿಸಿದರು. ಬೆತ್ತದ ಏಟು ಬಿದ್ದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆ ನಾಲ್ಕು ಚೂರುಗಳು ಮರೆಯಲಿಲ್ಲ. ಮನೆಯಲ್ಲಿ ತಂದೆಯವರು ಗದರಲೂ ಇಲ್ಲ. “ಹಾಳೆ ಮಾಡುವವರ ಮಗ ಹಾಳೆಯನ್ನು ಹಾಳು ಮಾಡಬಾರದು” ಎಂದಷ್ಟೇ ಹೇಳಿದರು. ಅಂದಿನಿಂದ ನಾನು ಚಿತ್ರ ಬರೆಯಲಿಲ್ಲ. ಶಿವಮೊಗ್ಗದ ಬ್ಯಾಂಕೊಂದರಲ್ಲಿ ಗುಮಾಸ್ತನಾದೆ. ಲೆಕ್ಕದ ಪುಸ್ತಕಗಳಲ್ಲಿ ಗೆರೆ ಎಳೆದೆ, ಅಡಿಕೋಲಿನಿಂದ!

ಇನ್ನೊಬ್ಬ ಮೇಷ್ಟರ ಅರಳಿ ಎಲೆ

ಇದಕ್ಕೆ ಪ್ರತಿಯಾದ ಇನ್ನೊಂದು ಕಥೆ ನಮ್ಮ ನಾಡಿನಲ್ಲಿಯೇ ಇದೆ. ಮೈಸೂರಿನ ಶಾಲೆಯೊಂದರಲ್ಲಿ ಮೇಷ್ಟರೊಬ್ಬರು ಮಕ್ಕಳಿಗೆಲ್ಲ ಎಲೆಯೊಂದನ್ನು ಬರೆಯಹೇಳಿದರು. ಒಬ್ಬ ಪುಟ್ಟ ಬಾಲಕ ಅರಳಿ ಎಲೆಯನ್ನು ಬರೆದ. ಮೇಷ್ಟರು ಅದನ್ನು ಮೆಚ್ಚಿ, “ನೀನು ಚಿತ್ರಗಾರನಾಗುವೆ” ಎಂಬ ಭರವಸೆಯ ಮಾತನ್ನಾಡಿದರು. ಆ ಬಾಲಕನೇ 1921ರಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣ್. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಅಲ್ಲಿ ಪ್ರವೇಶಕ್ಕೆ ಬೇಕಾದಷ್ಟು ಪ್ರತಿಭೆ ಇಲ್ಲವೆಂದು ಅವರನ್ನು ತಿರಸ್ಕರಿಸಲಾಯಿತು! ಆದರೆ ಅರಳಿ ಎಲೆಯ ಬಲ ಅದಕ್ಕಿಂತ ದೊಡ್ಡದಾಗಿತ್ತು. ಡಾಕ್ಟರ್ ಎಂ. ಶಿವರಾಂ ಅವರು, ಎಂದರೆ ನಮ್ಮ ರಾ.ಶಿ.ಯವರು, 1942ರಲ್ಲಿ ಆರಂಭಿಸಿದ “ಕೊರವಂಜಿ” ಹಾಸ್ಯಪತ್ರಿಕೆಗೆ ಅವರು ಚಿತ್ರಗಳನ್ನು ಬರೆದರು. 1951ರಲ್ಲಿ ಅವರ ಲೇಖನಿಯಿಂದ ಚೌಕಳಿ ಕೋಟಿನ “ಶ್ರೀಸಾಮಾನ್ಯ” ಹುಟ್ಟಿದ. 2015ರಲ್ಲಿ ಲಕ್ಷ್ಮಣ್ ಕಣ್ಮರೆಯಾದರೂ ಆ ಬಡಪಾಯಿ ಇನ್ನೂ ಜನರ ನೆನಪಿನಿಂದ ಮರೆಯಾಗಿಲ್ಲ.

ನಾನು ಲಕ್ಷ್ಮಣರಾಗುತ್ತಿದ್ದೆನೆಂದು ಹೇಳುವಷ್ಟು ಅವಿವೇಕಿಯಲ್ಲ. ಚಿತ್ರಗಾರರಾಗುವವರು ಕೋಟಿಗೊಬ್ಬರು. ಆದರೆ ಚಿತ್ರ ಬರೆಯುವ ಸಂತೋಷಕ್ಕೆ ಕೋಟಿಗೊಬ್ಬರಾಗಬೇಕಾದ ಅಗತ್ಯವಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಅಜ್ಜ ಮೊಮ್ಮಗಳ ನಡುವಿನ ಮೌನ

2019ರ ಬೇಸಗೆಯಲ್ಲಿ ನಾನೂ ನನ್ನ ಶ್ರೀಮತಿಯವರೂ ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋದೆವು. ಮೊಮ್ಮಗಳಿಗೆ ಆಗ ಎಂಟು ವರ್ಷ. ಅಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ ಆಕೆ ಇಂಗ್ಲಿಷಿನಲ್ಲಿ ಉತ್ತರ ಹೇಳುವಳು. ಅವಳ ಇಂಗ್ಲಿಷಿನ ವೇಗಕ್ಕೆ ನನ್ನ ಕಿವಿ ಸೋಲುವುದು. “ಊಟ ಆಯ್ತಾ ಪುಟ್ಟಿ?” “ಆಯ್ತು ಅಜ್ಜ.” ಅಲ್ಲಿಗೆ ನಮ್ಮ ಸಂಭಾಷಣೆ ಮುಗಿಯಿತು. ಹತ್ತು ಸಾವಿರ ಮೈಲಿಗೆ ಸಮೀಪದ ದೂರವನ್ನು ಹಾರಿ ಬಂದವನಿಗೆ, ಊಟದ ಮೇಜಿನ ಆ ಮೂರು ಅಡಿಯ ದೂರವನ್ನು ದಾಟುವುದು ಹೇಗೆಂದು ತಿಳಿಯದಾಯಿತು. ವಿದೇಶದಲ್ಲಿ ಮಕ್ಕಳಿರುವ ಶಿವಮೊಗ್ಗದ ಎಷ್ಟೋ ಹಿರಿಯರಿಗೆ ಈ ಸಂಕಟ ಹೊಸದಲ್ಲ.

ಒಂದು ಶನಿವಾರ ಮಗ ಎಲ್ಲರನ್ನೂ ಆನಹೈಮ್ ನಗರದ ಡಿಸ್ನಿಲ್ಯಾಂಡಿಗೆ ಕರೆದೊಯ್ದ. ವಾಲ್ಟ್ ಡಿಸ್ನಿ 1955ರ ಜುಲೈ 17ರಂದು ತೆರೆದ ವಿನೋದೋದ್ಯಾನ ಅದು. ಅದರ ಬಾಗಿಲಿನೆದುರಿಗೇ 2001ರಲ್ಲಿ “ಕ್ಯಾಲಿಫೋರ್ನಿಯ ಅಡ್ವೆಂಚರ್” ಎಂಬ ಎರಡನೆಯ ಉದ್ಯಾನವೂ ತಲೆಯೆತ್ತಿದೆ. ನೂಕುನುಗ್ಗಲು, ಬಿಸಿಲು, ತಲೆಕೆಳಗಾಗಿ ತಿರುಗುವ ಬಂಡಿಗಳು. ಮಧ್ಯಾಹ್ನದ ಹೊತ್ತಿಗೆ ನನ್ನ ಮಂಡಿಗಳು ಮುಷ್ಕರ ಹೂಡಿದವು. “ಅಜ್ಜ, ಇಲ್ಲಿ ಕೂತುಕೊಳ್ಳಬಹುದು” ಎಂದು ಮೊಮ್ಮಗಳು ಒಂದು ಕಟ್ಟಡದತ್ತ ಕೈತೋರಿಸಿದಳು. ಕುಳಿತುಕೊಳ್ಳುವ ಆಸೆಯೊಂದರಿಂದಲೇ ಒಳಹೊಕ್ಕೆ. ಅದು “ಆನಿಮೇಷನ್ ಅಕಾಡೆಮಿ.” ಬಂದವರಿಗೆಲ್ಲ ಕಾರ್ಟೂನ್ ಬೊಂಬೆಯೊಂದನ್ನು ಬರೆಯಲು ಕಲಿಸುವ ಶಾಲೆ!

ಕತ್ತಲೆಯ ಕೋಣೆಯ ಪಾಠ

ಕೋಣೆಯಲ್ಲಿ ಮಂದ ಬೆಳಕು. ಪ್ರತಿಯೊಬ್ಬರ ಮುಂದೆಯೂ ಬೆಳಕು ಹಾಯುವ ಒಂದು ಪುಟ್ಟ ಹಲಗೆ, ಒಂದು ಹಾಳೆ, ಒಂದು ಪೆನ್ಸಿಲು. ಎದುರಿಗೆ ಕಲಾವಿದನೊಬ್ಬ ಕುಳಿತು ಗೆರೆ ಎಳೆದಂತೆಲ್ಲ ಅದು ದೊಡ್ಡ ತೆರೆಯ ಮೇಲೆ ಮೂಡುತ್ತದೆ. ಅವನು ಒಂದು ಗೆರೆ ಎಳೆದರೆ ನಾವೂ ಒಂದು ಗೆರೆ ಎಳೆಯಬೇಕು. ಉದ್ಯಾನದ ಪ್ರವೇಶಧನವನ್ನು ಬಿಟ್ಟರೆ ಇದಕ್ಕೆ ಬೇರೆ ಹಣವಿಲ್ಲ. ಕಾಲು ಗಂಟೆಯ ಮೇಲೆ ಸ್ವಲ್ಪ ಹೊತ್ತಿನ ಪಾಠ. ಬರೆದ ಹಾಳೆಯನ್ನು ಮನೆಗೆ ಒಯ್ಯಬಹುದು. ನಾವು ಹೊಕ್ಕ ವೇಳೆಗೆ ಗೊತ್ತಾಗಿದ್ದ ಬೊಂಬೆ ಮಿಕ್ಕಿ ಇಲಿ.

ಹಾಳೆಯನ್ನು ಕಂಡೊಡನೆ ನನ್ನ ಅಂಗೈ ಬೆವರಿತು. ಭದ್ರಾವತಿಯ ಬೆಂಚು ಕಣ್ಣಿಗೆ ಕಟ್ಟಿತು. “ನನಗೆ ಬಾರದು, ನೀನು ಬರೆ” ಎಂದು ಹಾಳೆಯನ್ನು ಮೊಮ್ಮಗಳತ್ತ ಸರಿಸಿದೆ. ಆಕೆ ಅದನ್ನು ಅಷ್ಟೇ ದೃಢವಾಗಿ ಹಿಂದಕ್ಕೆ ಸರಿಸಿದಳು. ಕಲಾವಿದನ ಮಾತು ನನಗೆ ಅರ್ಥವಾಗುತ್ತಿಲ್ಲವೆಂದು ಭಾವಿಸಿ, ತಾನೇ ದುಭಾಷಿಯಾಗಿ ನಿಂತಳು. “ಅಜ್ಜ, ದೊಡ್ಡ ರೌಂಡು... ಮೆತ್ತಗೆ... ಇನ್ನೂ ಮೆತ್ತಗೆ...” ಅವಳ ಬಾಯಿಂದ ಅಷ್ಟು ಕನ್ನಡ ಒಟ್ಟಿಗೆ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ಪಾಠದ ಕ್ರಮ ಹೀಗೆ: ಮೊದಲು ತಲೆಗೆ ಒಂದು ವೃತ್ತ, ಪೆನ್ಸಿಲು ಹಾಳೆಯನ್ನು ಸೋಕಿತೋ ಇಲ್ಲವೋ ಎಂಬಷ್ಟು ತೆಳ್ಳಗೆ. ಆ ವೃತ್ತದ ನಡುವೆ ಮೇಲಿನಿಂದ ಕೆಳಕ್ಕೊಂದು ಗೆರೆ, ಅಡ್ಡಲಾಗಿ ಒಂದು ಗೆರೆ. ಇವು ಆಧಾರರೇಖೆಗಳು. ಚೆಂಡಿಗೆ ದಾರ ಸುತ್ತಿದಂತೆ ಅವನ್ನು ಬಾಗಿಸಿದರೆ ಮುಖ ಆ ಕಡೆಗೆ ತಿರುಗುತ್ತದೆ. ಗೆರೆಗಳು ಕೂಡುವಲ್ಲಿ ಮೂಗು, ಅಡ್ಡಗೆರೆಯ ಮೇಲೆ ಕಣ್ಣುಗಳು, ಕೆಳಗೆ ನಗು. ತಲೆಯ ಮೇಲೆ ಎರಡು ವೃತ್ತಗಳು ಕಿವಿಗಳಾಗಿ ಕುಳಿತಾಗ ಕೋಣೆಯ ತುಂಬ ಸಣ್ಣ ಸಣ್ಣ ಉದ್ಗಾರಗಳು. ಎಲ್ಲವೂ ತನ್ನ ತನ್ನ ಸ್ಥಾನದಲ್ಲಿದೆಯೆಂದು ಮನಸ್ಸಿಗೆ ಬಂದ ಮೇಲೆಯೇ ಗೆರೆಗಳನ್ನು ಒತ್ತಿ ಕಪ್ಪಗೆ ಮಾಡಬೇಕು. ಅಲ್ಲಿಯವರೆಗೆ ತಪ್ಪಿದ ಗೆರೆಯೂ ತಪ್ಪಲ್ಲ, ಅದು ಹುಡುಕಾಟ. ಈ ಒಂದು ಮಾತನ್ನು ನನಗೆ 56 ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ!

ನನ್ನ ಮಿಕ್ಕಿಯ ಕಿವಿಗಳಲ್ಲೊಂದು ದೊಡ್ಡದಾಯಿತು. ಮುಖದಲ್ಲಿ ನಗುವಿಗಿಂತ ಸಂಶಯವೇ ಹೆಚ್ಚಾಗಿ ಕಾಣುತ್ತಿತ್ತು. ಆದರೆ ಅದು ಮಿಕ್ಕಿಯೇ. ಯಾರು ನೋಡಿದರೂ ಮಿಕ್ಕಿಯೇ!

ಹೊರಗೆ ಬೆಂಚಿನ ಮೇಲೆ ಕಾದು ಕುಳಿತಿದ್ದ ಶ್ರೀಮತಿಯವರಿಗೆ ಹಾಳೆಯನ್ನು ತೋರಿಸಿ, ಆಧಾರರೇಖೆಗಳ ಮಹಿಮೆಯನ್ನು ಉತ್ಸಾಹದಿಂದ ವರ್ಣಿಸಿದೆ. ಅವರು ಸಾವಧಾನವಾಗಿ ಕೇಳಿ, “ಇದರಲ್ಲಿ ಹೊಸದೇನಿದೆ ರೀ? ಚುಕ್ಕಿ ಇಡದೆ ಯಾರಾದರೂ ರಂಗೋಲಿ ಎಳೆಯುತ್ತಾರೆಯೇ?” ಎಂದರು.

ನಾನು ನಿರುತ್ತರನಾದೆ. ನಲವತ್ತು ವರ್ಷಗಳ ಕಾಲ ದಿನವೂ ಬೆಳಗ್ಗೆ ಬಾಗಿಲಿನಲ್ಲಿ ದಾಟಿಕೊಂಡು ಹೋಗುತ್ತಿದ್ದ ಆ ವಿದ್ಯೆಯನ್ನು ನೋಡಲು ನಾನು ಅಮೆರಿಕಕ್ಕೆ ಹೋಗಬೇಕಾಯಿತು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ, ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರವನ್ನು ಬರೆಯುವುದೂ ಗೆರೆಗೆ ಗೆರೆ ಕೂಡಿಸಿಯೇ ಅಲ್ಲವೇ? ಅವರಲ್ಲಿ ಯಾರೂ “ನನಗೆ ಪ್ರತಿಭೆಯಿಲ್ಲ” ಎಂದು ದೂರ ಕುಳಿತವರಲ್ಲ. ತಾಯಿಯ ಕೈ ನೋಡಿ ಮಗಳು ಕಲಿತಳು, ಅಷ್ಟೆ.

ವೃತ್ತವೇ ಏಕೆ?

ಮಿಕ್ಕಿಯನ್ನು ವೃತ್ತಗಳಿಂದ ಕಟ್ಟಿದ್ದು ಚಮತ್ಕಾರಕ್ಕಲ್ಲ, ಅನುಕೂಲಕ್ಕೆ. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ “ಸ್ಟೀಂಬೋಟ್ ವಿಲ್ಲಿ” ಎಂಬ ಪುಟ್ಟ ಚಿತ್ರದಿಂದ ಈ ಇಲಿ ಜಗತ್ಪ್ರಸಿದ್ಧವಾಯಿತು. ಡಿಸ್ನಿಯ ಜೊತೆಗಾರ ಅಬ್ ಐವರ್ಕ್ಸ್ ಅದರ ಚಿತ್ರಗಳನ್ನು ಬರೆದ ಮುಖ್ಯ ಕಲಾವಿದ. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಏಳು ನಿಮಿಷದ ಚಿತ್ರಕ್ಕೆ ಲೆಕ್ಕ ಹಾಕಿದರೆ 10,080 ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿಕೊಂಡರೂ ಐದು ಸಾವಿರಕ್ಕೆ ಮೇಲೆ ಬರೆಯಬೇಕು. ಅನೇಕ ಕೈಗಳು ಕೂಡಿ ಬರೆದರೂ ಇಲಿ ಒಂದೇ ಇಲಿಯಾಗಿ ಉಳಿಯಬೇಕು. ಅದಕ್ಕೆ ವೃತ್ತದಷ್ಟು ಸುಲಭವಾದ ಆಕೃತಿ ಇನ್ನಾವುದಿದೆ? ಮಿಕ್ಕಿ ಯಾವ ಕಡೆಗೆ ತಿರುಗಿದರೂ ಅವನ ಕಿವಿಗಳು ವೃತ್ತಗಳಾಗಿಯೇ ಕಾಣುವುದನ್ನು ಗಮನಿಸಿರಿ. ಪ್ರಕೃತಿಯಲ್ಲಿ ಅಂತಹ ಕಿವಿಯಿಲ್ಲ; ಚಿತ್ರದಲ್ಲಿ ಉಂಟು.

ಇನ್ನೊಂದು ಸ್ವಾರಸ್ಯ. ಬೆಳೆದ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು. ಎಳೆಯ ಮಗುವಿನದು ನಾಲ್ಕು ಪಟ್ಟು. ಮಿಕ್ಕಿಯಂತಹ ಬೊಂಬೆಗಳದು ಮೂರು ಪಟ್ಟಿನ ಆಸುಪಾಸು! ದೊಡ್ಡ ತಲೆ, ದೊಡ್ಡ ಕಣ್ಣು, ಗಿಡ್ಡ ಕೈಕಾಲುಗಳನ್ನು ಕಂಡರೆ ನಮ್ಮ ಮನಸ್ಸು ಮಗುವನ್ನು ಕಂಡಂತೆ ಕರಗುತ್ತದೆ ಎಂದು 1943ರಲ್ಲಿ ಕೊನ್ರಾಡ್ ಲೊರೆಂಟ್ಸ್ ಎಂಬ ವಿಜ್ಞಾನಿ ವಾದಿಸಿದ. 1979ರಲ್ಲಿ ಸ್ಟೀಫನ್ ಜೇ ಗೌಲ್ಡ್ ಎಂಬ ಜೀವವಿಜ್ಞಾನಿ ಹಳೆಯ ಹೊಸ ಮಿಕ್ಕಿಗಳನ್ನು ಅಳತೆ ಮಾಡಿ, ಐವತ್ತು ವರ್ಷಗಳಲ್ಲಿ ಅವನ ತಲೆಯೂ ಕಣ್ಣುಗಳೂ ದೊಡ್ಡವಾಗುತ್ತ ಬಂದು ಅವನು ಎಳೆಯನಾಗುತ್ತಲೇ ಹೋಗಿದ್ದಾನೆಂದು ತೋರಿಸಿದ. ನಮಗೆಲ್ಲ ವಯಸ್ಸಾದಂತೆ ಮಿಕ್ಕಿಗೆ ಎಳೆತನ ಬರುತ್ತದೆ. ಅದೃಷ್ಟವಂತ!

ಭಾನುವಾರದ ಆನೆ

ಶಿವಮೊಗ್ಗಕ್ಕೆ ಮರಳಿದ ಮೇಲೆ ಮಿಕ್ಕಿಯ ಹಾಳೆ ಕಪಾಟನ್ನು ಸೇರಿತು. ಮಾರನೆಯ ವರ್ಷ, 2020ರಲ್ಲಿ, ಕೊರೋನಾ ಬಂದು ಲೋಕದ ಬಾಗಿಲುಗಳೆಲ್ಲ ಮುಚ್ಚಿದವು. ಮಗ ಬರುವಂತಿಲ್ಲ, ನಾವು ಹೋಗುವಂತಿಲ್ಲ. ಮೊಬೈಲಿನ ತೆರೆಯ ಮೇಲೆ ಮುಖ ನೋಡಿಕೊಂಡರೂ ಮತ್ತೆ ಅದೇ “ಊಟ ಆಯ್ತಾ ಪುಟ್ಟಿ?” ಒಂದು ಭಾನುವಾರ ಬೆಳಗ್ಗೆ, ಅವರಿಗೆ ಶನಿವಾರದ ಸಂಜೆ, ಮಾತು ಮುಗಿದು ಎಲ್ಲರೂ ಸುಮ್ಮನಾಗಿದ್ದಾಗ ಮೊಮ್ಮಗಳು ಒಂದು ಹಾಳೆಯನ್ನು ಎತ್ತಿ ಹಿಡಿದಳು. “ಅಜ್ಜ, ಬರೆಯೋಣವಾ?”

ಮನೆಯಲ್ಲಿ ಬರೆಯುವ ಹಾಳೆ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಶ್ರೀಮತಿಯವರು ಅಟ್ಟದ ಮೇಲಿನ ತಂದೆಯವರ ಟ್ರಂಕನ್ನು ನೆನಪಿಸಿದರು. ತೆರೆದು ನೋಡಿದರೆ, ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ಒಂದು ಕಟ್ಟು ಕಾಗದ. ಅಂಚು ಹರಿದ, ಹಳದಿಗೆ ತಿರುಗಿದ, ಭದ್ರಾವತಿಯ ಕಾಗದ. ಹಾಳೆಯನ್ನು ಹಾಳು ಮಾಡಬೇಡವೆಂದ ತಂದೆಯವರು ಅದನ್ನು ಯಾರಿಗಾಗಿ ಇಟ್ಟಿದ್ದರೆಂದು ಕೇಳಲು ಅವರಿರಲಿಲ್ಲ. ಅವರು ದುಡಿದ ಕಾರ್ಖಾನೆಯೂ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತ್ತು. ಹಾಳೆಯನ್ನು ಮೂಗಿಗೆ ಹಿಡಿದೆ. ವಾಸನೆ ಹೋಗಿತ್ತು.

ಅಂದಿನಿಂದ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಅಕಾಡೆಮಿ ನಡೆಯಿತು. ಒಂದು ವಾರ ಆಕೆ ಗುರು, ಮರುವಾರ ನಾನು. ಬೆಕ್ಕು, ನವಿಲು, ಆಟೋರಿಕ್ಷಾ ಎಲ್ಲವೂ ಆದವು. ನಾನು ಕನ್ನಡದಲ್ಲಿ ಹೇಳದೆ ಗೆರೆ ಎಳೆಯೆನು. ಆಕೆ ಕನ್ನಡದಲ್ಲಿ ಕೇಳದೆ ನಾನು ತೋರಿಸೆನು. ಹೀಗೆ ಹುಬ್ಬು, ಕೆನ್ನೆ, ಗದ್ದ, ಸೊಂಡಿಲು, ಬಾಲ, ಅಂಕುಡೊಂಕು, ಸಪೂರ, ದಪ್ಪ ಎಂಬ ಮಾತುಗಳು ಒಂದೊಂದಾಗಿ ಸಮುದ್ರ ದಾಟಿದವು. ಶ್ರೀಮತಿಯವರು ನಡುನಡುವೆ ಏಳು ಚುಕ್ಕಿಯ ರಂಗೋಲಿಯ ತರಗತಿಯನ್ನೂ ನಡೆಸಿ, ಶಿಷ್ಯೆಯಿಂದ ನನಗಿಂತ ಹೆಚ್ಚಿನ ಅಂಕಗಳನ್ನು ಪಡೆದರು.

ಓದುಗರ ಮನೆಯ ಮಕ್ಕಳಿಗಾಗಿ ನಮ್ಮ ಆನೆಯ ಪಾಠವನ್ನು ಇಲ್ಲಿ ಕೊಡುತ್ತೇನೆ. ಹಾಳೆಯ ನಡುವೆ ತೆಳ್ಳನೆಯ ಒಂದು ದೊಡ್ಡ ವೃತ್ತ. ಅದರೊಳಗೆ ಉದ್ದಗೆರೆ, ಅಡ್ಡಗೆರೆ. ವೃತ್ತದ ನೆತ್ತಿಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಪುಟ್ಟ ದಿಬ್ಬಗಳು. ನಮ್ಮ ದೇಶದ ಆನೆಯ ಗುರುತೇ ಇದು. ಆಫ್ರಿಕದ ಆನೆಯ ನೆತ್ತಿಯಲ್ಲಿ ಈ ಜೋಡಿ ದಿಬ್ಬಗಳಿಲ್ಲ. ಎರಡೂ ಬದಿಗಳಲ್ಲಿ ಕಿವಿಗಳು. ನಮ್ಮ ಆನೆಯ ಕಿವಿ ಚಿಕ್ಕದು, ಭಾರತದ ಭೂಪಟದ ಹಾಗೆ ಕೆಳಕ್ಕೆ ಚೂಪಾದುದು ಎಂದು ಮಕ್ಕಳಿಗೆ ಹೇಳಿದರೆ ಮರೆಯುವುದಿಲ್ಲ. ಅಡ್ಡಗೆರೆಯ ಮೇಲೆ ಕಣ್ಣುಗಳು; ಗೆರೆಗಳು ಕೂಡುವಲ್ಲಿಂದ ಕೆಳಗಿಳಿದು ತುದಿಯಲ್ಲಿ ಸುರುಳಿಗೊಳ್ಳುವ ಸೊಂಡಿಲು. ಸೊಂಡಿಲ ತುದಿಗೆ ಬೆರಳಿನಂತಹ ಒಂದೇ ಮೊನೆ. ಆಫ್ರಿಕದ ಆನೆಗಾದರೆ ಎರಡು. ಕಡೆಗೆ ಬೇಕಾದ ಗೆರೆಗಳನ್ನು ಕಪ್ಪು ಮಾಡಿ, ಬೇಡದವನ್ನು ರಬ್ಬರಿನಿಂದ ಒರೆಸಿರಿ. ಮಗು ಕಿವಿಯನ್ನು ತಪ್ಪಾಗಿ ಬರೆದರೆ ದಯಮಾಡಿ ಪೆನ್ಸಿಲನ್ನು ಅದರ ಕೈಯಿಂದ ಕಿತ್ತುಕೊಂಡು ನೀವೇ ತಿದ್ದಬೇಡಿರಿ. ನಿಮ್ಮ ಹಾಳೆಯಲ್ಲಿ ನೀವು ಬರೆಯಿರಿ. ಬೆಂಗಳೂರಿಗೆ ಹೋಗುವವರು ಮಹಾತ್ಮ ಗಾಂಧಿ ರಸ್ತೆಯ ಸಮೀಪದ ಮಿಡ್‌ಫೋರ್ಡ್ ಗಾರ್ಡನ್ನಿನಲ್ಲಿರುವ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಚಿತ್ರಶಾಲೆಗೆ ಮಕ್ಕಳನ್ನು ಕರೆದೊಯ್ದರೆ ದೊಡ್ಡವರ ಗೆರೆಗಳನ್ನು ಹತ್ತಿರದಿಂದ ನೋಡಿದಂತಾಗುತ್ತದೆ.

ಸಕ್ರೆಬೈಲಿನಲ್ಲಿ

2023ರ ಡಿಸೆಂಬರಿನಲ್ಲಿ ಮೊಮ್ಮಗಳು ಬಂದಳು. ನನ್ನ ಭುಜದವರೆಗೆ ಬೆಳೆದಿದ್ದಳು. ಊರಿಗೆ ಬಂದ ಎರಡನೆಯ ದಿನವೇ ಬೆಳಗ್ಗೆ, ತೀರ್ಥಹಳ್ಳಿಯ ರಸ್ತೆಯಲ್ಲಿ ಶಿವಮೊಗ್ಗದಿಂದ 14 ಕಿಲೋಮೀಟರು ದೂರದ ಸಕ್ರೆಬೈಲಿನ ಆನೆಬಿಡಾರಕ್ಕೆ ಹೋದೆವು. ಗಾಜನೂರಿನ ಹಿನ್ನೀರಿನಲ್ಲಿ ಮಾವುತರು ಆನೆಗಳ ಮೈ ತಿಕ್ಕುತ್ತಿದ್ದರು. ತೆರೆಯ ಮೇಲೆ ಎಷ್ಟೋ ಬಾರಿ ಬರೆದ ಆನೆಯನ್ನು ಆಕೆ ಮೊದಲ ಬಾರಿ ಕಣ್ಣಾರೆ ಕಂಡು, “ಅಜ್ಜ, ದಿಬ್ಬ ಎರಡು ಇದೆ! ನಿಜವಾಗಿಯೂ ಎರಡು!” ಎಂದು ಕೂಗಿದಳು. ಚೀಲದಲ್ಲಿ ತಂದೆಯವರ ಕಟ್ಟಿನ ಕಡೆಯ ಕೆಲವು ಹಾಳೆಗಳಿದ್ದವು. ದಂಡೆಯ ಕಲ್ಲಿನ ಮೇಲೆ ಇಬ್ಬರೂ ಕುಳಿತು ಬರೆದೆವು.

ನಾನು ನೀರಿನಲ್ಲಿ ಮಲಗಿದ್ದ ಮರಿಯಾನೆಯನ್ನು ಬರೆದೆ. ಆಕೆ ಏನು ಬರೆಯುತ್ತಿರುವಳೆಂದು ಬಗ್ಗಿ ನೋಡಹೋದರೆ ಹಾಳೆಯನ್ನು ಎದೆಗವಚಿಕೊಂಡಳು. ಬಹಳ ಹೊತ್ತಿನ ಮೇಲೆ ತಾನಾಗಿಯೇ ತೋರಿಸಿದಳು. ಅದೂ ಆನೆಯೇ. ಮೂಗಿನ ಮೇಲೆ ಕನ್ನಡಕ, ಹೆಗಲಿನ ಮೇಲೆ ನನ್ನ ಶಾಲು, ತಲೆಯಲ್ಲಿ ನನ್ನಷ್ಟೇ ಕೂದಲು. ಕೆಳಗೆ ವಕ್ರವಕ್ರವಾದ ಕನ್ನಡ ಅಕ್ಷರಗಳಲ್ಲಿ “ಅಜ್ಜ” ಎಂದು ಬರೆದಿತ್ತು.

“ಕೋಪ ಬಂತಾ ಅಜ್ಜ?” ಎಂದಳು, ನನ್ನ ಮುಖ ನೋಡಿ.

ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಹಾಳೆಗೆ ಈಗ ಗಾಜಿನ ಚೌಕಟ್ಟು ಬಂದಿದೆ. ನಮ್ಮ ನಡುಮನೆಯಲ್ಲಿ, ತಂದೆಯವರ ಭಾವಚಿತ್ರದ ಪಕ್ಕದಲ್ಲಿ ಅದು ತೂಗುತ್ತಿದೆ. ಬಂದವರು ನೋಡಿ ನಗುತ್ತಾರೆ. ನಗಲಿ; ಅದು ಇರುವುದೇ ಅದಕ್ಕಾಗಿ.